ಆ ರಾತ್ರಿ ನಾನು ದಮ್ಮಾಮ್‌ನಲ್ಲಿ ಇರಲಿಲ್ಲ

ಹೋದ ತಿಂಗಳು ಒಂದು ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ, ವಾರದ ಬಟ್ಟೆ ಬಕೆಟಿಗೆ ಹಾಕಿ ಕೂತಿದ್ದೆ. ಊರಿನಿಂದ ಮಗನ ಫೋನ್ ಬಂತು.

"ಅಪ್ಪ, ಕೆಲಸ ಸಿಕ್ಕಿತು."

ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಎರಡು ತಿಂಗಳು ಮನೆಯಲ್ಲೇ ಇದ್ದ. ಬ್ಯಾಂಕಿನ ಲೋನ್ ಆರು ಲಕ್ಷ ಉಂಟು. ಹಾಗಾಗಿ ಆ ಒಂದು ಮಾತಿಗೆ ನಾನು ಎಷ್ಟು ಕಾದಿದ್ದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇದನ್ನು ಓದುವವರಲ್ಲಿ ಅರ್ಧದಷ್ಟು ಜನ ಮಕ್ಕಳ ಫೀಸಿಗೋಸ್ಕರವೇ ಇಲ್ಲಿ ಇರುವವರು. ಯಾವ ಕಂಪನಿ ಅಂದೆ. ಬೆಂಗಳೂರಿನದ್ದು, ಡ್ರೋನ್ ಮಾಡ್ತಾರೆ ಅಂದ.

"ಎಂಥ ಡ್ರೋನ್ ಮಗಾ? ಅಡಿಕೆಗೆ ಮದ್ದು ಬಿಡುವಂಥದ್ದಾ?"

"ಅದಲ್ಲ ಅಪ್ಪ, ಮಿಲಿಟರಿಯದ್ದು. ಗುರಿ ಸಿಕ್ಕುವ ತನಕ ಮೇಲೆ ಸುತ್ತುತ್ತಾ ಇರ್ತದೆ. ಸಿಕ್ಕಿದ ಮೇಲೆ ಹೋಗಿ ಅದರ ಮೇಲೇ ಬೀಳ್ತದೆ. ವಾಪಸ್ ಬರುವುದಿಲ್ಲ."

ಒಳ್ಳೆಯದಾಯ್ತು ಅಂದೆ. ಸಂಬಳ ಎಷ್ಟು, ಉಳಿಯಲು ಎಲ್ಲಿ, ಯಾವಾಗ ಸೇರಬೇಕು ಅಂತ ಕೇಳಿದೆ. ಅಮ್ಮನಿಗೆ ಫೋನ್ ಕೊಡು ಅಂದೆ. ಅವಳು ಆಗಲೇ ದೇವಸ್ಥಾನಕ್ಕೆ ಹೇಳಿಕೊಂಡ ಹರಕೆಯ ಲೆಕ್ಕ ಶುರು ಮಾಡಿದ್ದಳು. ಫೋನ್ ಇಟ್ಟ ಮೇಲೆ ಬಟ್ಟೆ ಸಂಜೆ ತನಕ ನೀರಿನಲ್ಲೇ ಇತ್ತು.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮದು ಸುಳ್ಯ ಕಡೆ. ಸ್ವಂತಕ್ಕೆ ಅರ್ಧ ಎಕರೆ ಅಡಿಕೆ ತೋಟ. ಅದರಲ್ಲಿ ಹೊಟ್ಟೆ ತುಂಬುವುದಿಲ್ಲ, ಹಾಗಾಗಿ ಅಪ್ಪ ಬೇರೆಯವರ ತೋಟಕ್ಕೆ ಮರ ಹತ್ತಲು ಹೋಗುತ್ತಿದ್ದರು. ಮಳೆಗಾಲದಲ್ಲಿ ಕೊಳೆರೋಗ ಬಾರದ ಹಾಗೆ ಬೋರ್ಡೋ ಮದ್ದು ಬಿಡಬೇಕು, ನಿಮ್ಮಲ್ಲಿ ತೋಟದವರಿಗೆ ಗೊತ್ತುಂಟು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ದಿನ ಕಳೆದು ಮತ್ತೊಮ್ಮೆ. ಪಾಚಿ ಹಿಡಿದ ಮರ, ಕಾಲಿಗೆ ತಳೆ, ಹೆಗಲಿಗೆ ಪೈಪು. ಮೇಲೆ ಹೋದವರು ಒಂದು ಮರದಿಂದ ಇನ್ನೊಂದಕ್ಕೆ ಬಗ್ಗಿಸಿಕೊಂಡು ದಾಟುತ್ತಿದ್ದರು. ನಾನು ಹದಿನಾರಕ್ಕೆ ಹತ್ತಲು ಕಲಿತೆ. ಅಪ್ಪ ಹೇಳಿಕೊಟ್ಟದ್ದು ಒಂದೇ: "ಮೇಲೆ ಇರುವಾಗ ಹೆದರಿಕೆ ಇರಬೇಕು. ಹೆದರಿಕೆ ಹೋದ ದಿನ ಹತ್ತಬೇಡ."

ಹತ್ತಲು ಗೊತ್ತಿದ್ದವನಿಗೆ ಗಲ್ಫಿನಲ್ಲಿ ಸಿಗುವ ಕೆಲಸ ಸ್ಕ್ಯಾಫೋಲ್ಡಿಂಗ್. 2004ರಲ್ಲಿ ಸೌದಿಗೆ ಬಂದೆ. ಪೈಪು, ಕ್ಲಾಂಪು, ಹಲಗೆ, ಏಣಿ. ಇಪ್ಪತ್ತೊಂದು ವರ್ಷದಿಂದ ಅದೇ. ವೆಲ್ಡರ್, ಪೇಂಟರ್, ಇನ್ಸ್‌ಪೆಕ್ಟರ್ ಯಾರೇ ಮೇಲೆ ಹೋಗಬೇಕಾದರೂ ನಾವು ಮೊದಲು ಹೋಗಬೇಕು, ಅವರೆಲ್ಲ ಇಳಿದ ಮೇಲೆ ಬಿಚ್ಚಲು ಮತ್ತೆ ನಾವೇ ಹೋಗಬೇಕು.

ಹೀಗಿರುವಾಗ ಏಳೆಂಟು ವರ್ಷದ ಹಿಂದೆ ನಾನು ಮೊದಲ ಸಲ ಸೈಟಿನಲ್ಲಿ ಡ್ರೋನ್ ನೋಡಿದೆ. ಫ್ಲೇರ್ ಅಂದರೆ ಹೆಚ್ಚುವರಿ ಗ್ಯಾಸ್ ಸುಡುವ ಆ ಎತ್ತರದ ಕೊಳವೆ, ರಾತ್ರಿ ದೂರದಿಂದ ದೀಪದ ಹಾಗೆ ಕಾಣುತ್ತದಲ್ಲ, ಅದರ ತುದಿ ಸರಿ ಉಂಟಾ ಅಂತ ನೋಡಬೇಕಾದರೆ ಮೊದಲೆಲ್ಲ ಬೆಂಕಿ ಆರಿಸಬೇಕಿತ್ತು. ಶಟ್‌ಡೌನ್ ಬರುವ ತನಕ ಕಾಯಬೇಕು, ಆಮೇಲೆ ನಾವು ಕಟ್ಟಬೇಕು, ಅಥವಾ ಹಗ್ಗದವರು ಹತ್ತಬೇಕು. ಅವತ್ತು ಇಬ್ಬರು ಹುಡುಗರು ಒಂದು ಪೆಟ್ಟಿಗೆ ತಂದರು. ಬೆಂಕಿ ಉರಿಯುತ್ತಿರುವಾಗಲೇ ಅದನ್ನು ಮೇಲೆ ಕಳಿಸಿ ಸುತ್ತಲೂ ಫೋಟೋ ತೆಗೆದರು, ಎಲ್ಲಿ ಎಷ್ಟು ಬಿಸಿ ಉಂಟು ಅಂತಲೂ ನೋಡಿದರು. ಟೀ ಟೈಮಿನ ಒಳಗೆ ಕೆಲಸ ಮುಗಿಯಿತು. ನಾವು ಹದಿನಾಲ್ಕು ಜನ ಕೆಳಗೆ ನಿಂತು ಬಾಯಿ ಬಿಟ್ಟು ನೋಡಿದೆವು. ಈಗ ಸುತ್ತ ಪಂಜರ ಇರುವ ಡ್ರೋನ್ ಬಂದಿದೆ, ಅದು ಟ್ಯಾಂಕಿನ ಒಳಗೇ ಹೋಗುತ್ತದೆ. ವಿಷಗಾಳಿ ಇರಬಹುದಾದ ಕತ್ತಲೆಗೆ ಮನುಷ್ಯ ತಲೆ ಹಾಕಬೇಕಾಗಿಲ್ಲ.

ನಮ್ಮ ಗ್ಯಾಂಗಿನಲ್ಲಿ ಈಗ ಒಂಬತ್ತೇ ಜನ. ಅದಕ್ಕೆ ಡ್ರೋನ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಕಾಂಟ್ರಾಕ್ಟಿನ ರಾಜಕೀಯ ಬೇರೆ ಉಂಟು. ಆದರೂ ನನಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಎತ್ತರದಿಂದ ಬಿದ್ದವರನ್ನು ನಾನು ಎರಡು ಸಲ ನೋಡಿದ್ದೇನೆ, ಊರಿನಲ್ಲಿ ಒಮ್ಮೆ, ಇಲ್ಲಿ ಒಮ್ಮೆ. ಮೇಲೆ ಒಬ್ಬ ಮನುಷ್ಯ ಇಲ್ಲದೆ ಕೆಲಸ ಆಗುವುದಾದರೆ ಆಗಲಿ ಅಂತಲೇ ನನ್ನ ಲೆಕ್ಕ.

ಊರಿನಲ್ಲಿಯೂ ಹಾಗೇ. ಮರ ಹತ್ತುವವರು ಈಗ ಸಿಗುವುದಿಲ್ಲ. ಸಿಕ್ಕಿದವರು ಕೇಳುವ ಸಂಬಳ ಕೊಟ್ಟು ಪೂರೈಸುವುದಿಲ್ಲ. ಕೆಲವರು ಕಾರ್ಬನ್ ಫೈಬರಿನ ಉದ್ದ ದೋಟಿ ತೆಗೆದುಕೊಂಡಿದ್ದಾರೆ, ನೆಲದಲ್ಲೇ ನಿಂತು ಮದ್ದು ಬಿಡಬಹುದು. ಕೆಲವರು ಡ್ರೋನ್ ತರಿಸಿ ನೋಡಿದರು. ನಮ್ಮ ಪಕ್ಕದ ತೋಟದಲ್ಲಿ ಬಿಟ್ಟಾಗ ಮದ್ದು ಎಲ್ಲ ಸೋಗೆಯ ಮೇಲೆಯೇ ಬಿತ್ತು, ಅಡಿಯ ಗೊನೆಗೆ ಸರಿಯಾಗಿ ತಾಗಲಿಲ್ಲ ಅಂತ ಅಣ್ಣ ಹೇಳಿದ. ಅದು ಮುಂದೆ ಸರಿಯಾಗಬಹುದು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಲಾರಿ ಸಮೇತ ಕೇರಳದ ಡ್ರೈವರ್ ಗಂಗಾವಳಿ ನದಿಯ ಪಾಲಾದದ್ದನ್ನು ನಾವೆಲ್ಲ ಇಲ್ಲಿ ಕ್ಯಾಂಪಿನಲ್ಲಿ ರಾತ್ರಿ ಹಗಲು ನೋಡಿದವರು. ಕೆಸರು ನೀರಿನ ಅಡಿಯಲ್ಲಿ ಲೋಹ ಎಲ್ಲುಂಟು ಅಂತ ಹುಡುಕಲು ಆಗಲೂ ಡ್ರೋನ್ ತಂದಿದ್ದರು. ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ.

ಇದಿಷ್ಟೇ ಆಗಿದ್ದರೆ ಮಗನ ಮಾತು ಕೇಳಿ ನಾನು ಬಟ್ಟೆ ಮರೆಯುತ್ತಿರಲಿಲ್ಲ.

2019ರಲ್ಲಿ ನಾನು ಅಬ್ಕೈಕ್‌ನಲ್ಲಿದ್ದೆ. ಹೆಸರು ಕೇಳದವರಿಗೆ ಹೇಳುವುದಾದರೆ, ದಮ್ಮಾಮ್‌ನಿಂದ ಒಳನಾಡಿಗೆ, ಹೆಚ್ಚುಕಡಿಮೆ ಮಂಗಳೂರಿನಿಂದ ಸುಳ್ಯಕ್ಕೆ ಹೋದಷ್ಟು ದೂರದ ಊರು. ಬಾವಿಯಿಂದ ಬರುವ ಕಚ್ಚಾ ಎಣ್ಣೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಬೇಗ ಆವಿಯಾಗುವ ಗ್ಯಾಸ್ ಇರುತ್ತದೆ. ಅದನ್ನು ತೆಗೆಯದೆ ಹಡಗಿಗೆ ತುಂಬಿಸುವ ಹಾಗಿಲ್ಲ. ಆ ಕೆಲಸ ಮಾಡುವ ಜಗತ್ತಿನ ಅತಿ ದೊಡ್ಡ ಪ್ಲಾಂಟ್ ಅದು. ಸೌದಿಯ ಎಣ್ಣೆಯ ದೊಡ್ಡ ಪಾಲು ಆ ಒಂದು ಬೇಲಿಯ ಒಳಗಿಂದ ಹಾದು ಹೋಗುತ್ತದೆ. ನಮ್ಮ ಕ್ಯಾಂಪು ಅಲ್ಲಿಂದ ನಾಲ್ಕೈದು ಕಿಲೋಮೀಟರ್.

ಸೆಪ್ಟೆಂಬರ್ 14, ಶನಿವಾರ. ನಮಗೆ ಡ್ಯೂಟಿ ಇತ್ತು, ನಾಲ್ಕೂವರೆಗೆ ಬಸ್ಸು. ನಾನು ಬೇಗ ಎದ್ದು ಬಕೆಟ್ ಹಿಡಿದು ಬಾತ್‌ರೂಮಿನ ಲೈನಿನಲ್ಲಿ ನಿಂತಿದ್ದೆ. ಮೊದಲು ಒಂದು ಗುಂಯ್ ಅನ್ನುವ ಶಬ್ದ ಬಂತು ಅಂತ ಕೆಲವರು ಹೇಳುತ್ತಾರೆ. ನನಗೆ ಕೇಳಿಸಲಿಲ್ಲ, ನಲ್ಲಿ ಬಿಟ್ಟಿದ್ದರು. ನನಗೆ ಕೇಳಿದ್ದು ನೇರ ಸ್ಫೋಟವೇ. ಅದು ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಯಿತು. ಆಮೇಲೆ ಇನ್ನೊಂದು. ಮತ್ತೆ ಬಂದೂಕಿನ ಶಬ್ದ, ಬಿಡದೆ. ಮತ್ತೆ ಸ್ಫೋಟ.

ಪ್ಲಾಂಟಿನ ಕಡೆ ಆಕಾಶ ಕೇಸರಿ ಬಣ್ಣಕ್ಕೆ ತಿರುಗಿತು. ಯುದ್ಧ ಅಂತ ಯಾರಿಗೂ ಹೊಳೆಯಲಿಲ್ಲ. ಏನೋ ಬರ್ಸ್ಟ್ ಆಗಿದೆ ಅಂದುಕೊಂಡೆವು. ಅಂಥ ಜಾಗದಲ್ಲಿ ಇದ್ದವರಿಗೆ ಮೊದಲು ಬರುವ ಯೋಚನೆ ಬೆಂಕಿಯದ್ದಲ್ಲ, ಗಾಳಿಯದ್ದು. ವಿಷಗಾಳಿ ನಮ್ಮ ಕಡೆ ಬಂದರೆ? ಎಲ್ಲರೂ ಗೇಟಿನ ಮೇಲೆ ಕಟ್ಟಿದ್ದ ಬಾವುಟ ಯಾವ ಕಡೆ ಹಾರುತ್ತದೆ ಅಂತ ನೋಡಿದರು. ಒಬ್ಬ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡ. ಆ ಗ್ಯಾಸಿಗೆ ಒದ್ದೆ ಟವೆಲ್ ಏನೂ ಮಾಡುವುದಿಲ್ಲ, ಟ್ರೇನಿಂಗಿನಲ್ಲಿ ನಮಗೆ ಅದನ್ನು ಹತ್ತು ಸಲ ಹೇಳಿದ್ದರು. ಆದರೂ ಅವನನ್ನು ನೋಡಿ ನಾನೂ ಕಟ್ಟಿಕೊಂಡೆ. ಟವೆಲ್ ಕಟ್ಟಿಕೊಂಡು, ಲುಂಗಿಯಲ್ಲಿ, ಕೈಯಲ್ಲಿ ಬಕೆಟ್ ಹಿಡಿದುಕೊಂಡೇ ಎಷ್ಟು ಹೊತ್ತು ನಿಂತಿದ್ದೆನೋ ದೇವರಿಗೇ ಗೊತ್ತು.

ಅವತ್ತು ಬಸ್ಸು ಹೊರಡಲಿಲ್ಲ.

ಊರಿನಲ್ಲಿ ಹತ್ತು ಗಂಟೆ ಹೊತ್ತಿಗೆ ಟಿವಿಯಲ್ಲಿ ಬೆಂಕಿ ತೋರಿಸಲು ಶುರು ಮಾಡಿದರು. ಹೆಂಡತಿಯ ಫೋನ್ ಬಂತು. "ಎಲ್ಲಿದ್ದೀರಿ ನೀವು?" ಸ್ವರ ನಡುಗುತ್ತಿತ್ತು. "ನಾನು ದಮ್ಮಾಮ್‌ನಲ್ಲಿದ್ದೇನೆ ಮಾರಾಯ್ತಿ, ಹೋದ ವಾರವೇ ಬದಲಾಯಿತು, ಹೇಳಲು ಮರೆತೆ. ಅದು ಇಲ್ಲಿಂದ ತುಂಬ ದೂರ" ಅಂದೆ. ಹಿಂದಿನಿಂದ ಮಗನ ಸ್ವರವೂ ಕೇಳಿತು, ಆಗ ಫಸ್ಟ್ ಪಿಯುಸಿ. "ಅಪ್ಪ ಸೇಫಾ?" "ಸೇಫ್ ಸೇಫ್."

ನಿಮ್ಮಲ್ಲಿಯೂ ಇಂಥ ಸುಳ್ಳು ಹೇಳದವರು ಇರಲಿಕ್ಕಿಲ್ಲ. ಜ್ವರ ಬಂದರೆ ನೆಗಡಿ ಅನ್ನುತ್ತೇವೆ. ಸಂಬಳ ಮೂರು ತಿಂಗಳು ತಡ ಆದರೆ ಬ್ಯಾಂಕಿನ ಸರ್ವರ್ ಸರಿ ಇಲ್ಲ ಅನ್ನುತ್ತೇವೆ. ಆ ಸುಳ್ಳನ್ನು ಮಾತ್ರ ನಾನು ಆರು ವರ್ಷ ಸಾಕಿದೆ.

ಏನಾಯಿತು ಅಂತ ನಮಗೂ ಗೊತ್ತಾದದ್ದು ವಾಟ್ಸಾಪಿನಲ್ಲಿ, ಆಮೇಲೆ ಪೇಪರಿನಲ್ಲಿ. ಅಬ್ಕೈಕ್ ಮತ್ತು ಖುರೈಸ್ ಎರಡು ಕಡೆ ದಾಳಿ ಆಗಿತ್ತು. ಸೌದಿ ಸರ್ಕಾರ ನಾಲ್ಕು ದಿನ ಬಿಟ್ಟು ಅವಶೇಷಗಳನ್ನು ಮೇಜಿನ ಮೇಲಿಟ್ಟು ತೋರಿಸಿತು: 18 ಡ್ರೋನ್, 7 ಕ್ರೂಸ್ ಕ್ಷಿಪಣಿ. ಯೆಮನ್‌ನ ಹೌತಿಗಳು ನಾವೇ ಮಾಡಿದ್ದು ಅಂದರು. ಸೌದಿಯೂ ಅಮೆರಿಕವೂ ಇರಾನಿನತ್ತ ಕೈ ತೋರಿಸಿದವು. ಇರಾನ್ ಅಲ್ಲ ಅಂದಿತು. ದಿನಕ್ಕೆ 57 ಲಕ್ಷ ಬ್ಯಾರೆಲ್ ಎಣ್ಣೆ ನಿಂತುಹೋಯಿತು, ಅಂದರೆ ಸೌದಿಯ ಉತ್ಪಾದನೆಯ ಅರ್ಧ, ಇಡೀ ಜಗತ್ತಿನ ಲೆಕ್ಕದಲ್ಲಿ ನೂರಕ್ಕೆ ಐದು. ಜೀವಹಾನಿ ಆಗಿಲ್ಲ ಅಂದರು. ಅದೊಂದು ದೊಡ್ಡ ಪುಣ್ಯ.

ಆಮೇಲೆ ಬಂತು ನಮ್ಮ ಕೆಲಸ. ಸುಟ್ಟದ್ದನ್ನು ರಿಪೇರಿ ಮಾಡಬೇಕಾದರೆ ಮೊದಲು ಸ್ಕ್ಯಾಫೋಲ್ಡಿಂಗ್ ಬೇಕಲ್ಲ. ದಿನಕ್ಕೆ ಹನ್ನೆರಡು ಗಂಟೆ, ಶುಕ್ರವಾರವೂ ಇಲ್ಲ. ಎಲ್ಲೆಲ್ಲಿಂದಲೋ ಕ್ರೇನು ಬಂತು, ಎಲ್ಲೆಲ್ಲಿಂದಲೋ ಜನ ಬಂದರು. ಎಣ್ಣೆಯಿಂದ ಗ್ಯಾಸ್ ಬೇರ್ಪಡಿಸುವ ಎತ್ತರದ ಕಾಲಂಗಳಲ್ಲಿ ಕೆಲವು ಕರಿ ಹಿಡಿದು ನಿಂತಿದ್ದವು, ಮೇಲಿನ ತಗಡು ಸೋಗೆಯ ಹಾಗೆ ನೇತಾಡುತ್ತಿತ್ತು. ಅದರ ಸುತ್ತ ಕಟ್ಟಿದ್ದು ನಾವು. ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಎಣ್ಣೆ ಮೊದಲಿನ ಹಾಗೆ ಹರಿಯಿತು ಅಂತ ಘೋಷಣೆ ಆಯಿತು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಹೆಮ್ಮೆ ಆಗುತ್ತದೆ. ಪೇಪರಿನಲ್ಲಿ ಸ್ಕ್ಯಾಫೋಲ್ಡರುಗಳ ಹೆಸರು ಬರುವುದಿಲ್ಲ, ಬಿಡಿ.

ಅಲ್ಲಿ ನಾನು ನೋಡಿದ್ದರಲ್ಲಿ ಒಂದು ಮಾತ್ರ ಇವತ್ತಿಗೂ ಕಣ್ಣಿನಿಂದ ಹೋಗುವುದಿಲ್ಲ. ಪ್ಲಾಂಟಿನಲ್ಲಿ ಸಾಲಾಗಿ ದೊಡ್ಡ ದೊಡ್ಡ ಗೋಳದಂಥ ಟ್ಯಾಂಕುಗಳು ಉಂಟು. ಒಂದು, ಎರಡು, ಮೂರು ಅಂತ ನೋಡುತ್ತಾ ಹೋದರೆ ಒಂದೊಂದಕ್ಕೆ ಒಂದೊಂದು ತೂತು, ಎಲ್ಲವೂ ಒಂದೇ ಬದಿಯಲ್ಲಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಗೋಲಿ ಆಟದಲ್ಲಿ ಕಣ್ಣು ಮುಚ್ಚಿ ಗುರಿ ಹಿಡಿದು ಹೊಡೆದ ಹಾಗೆ. ಇದರ ಫೋಟೋ ಉಪಗ್ರಹದಿಂದ ತೆಗೆದದ್ದು ಆಗ ಎಲ್ಲಾ ಕಡೆ ಬಂದಿತ್ತು, ನೀವೂ ನೋಡಿರಬಹುದು.

ನಮ್ಮ ಹಳೆಯ ಫೋರ್‌ಮನ್ ಒಬ್ಬರು 1991ರಲ್ಲಿ ಖೋಬರ್‌ನಲ್ಲಿದ್ದವರು. ಆಗ ಇರಾಕಿನಿಂದ ಸ್ಕಡ್ ಕ್ಷಿಪಣಿ ಬರುತ್ತಿತ್ತಲ್ಲ, ಒಂದು ಬಂದು ಧಹ್ರಾನ್ ಹತ್ತಿರ ಅಮೆರಿಕದ ಸೈನಿಕರ ಬಿಡಾರದ ಮೇಲೆ ಬಿದ್ದು 28 ಜನ ಸತ್ತರು. ಅವರು ಹೇಳುತ್ತಿದ್ದರು: "ಸ್ಕಡ್ ಅಂದರೆ ತೆಂಗಿನ ಮರದ ಕೆಳಗೆ ಕೂತ ಹಾಗೆ ಮಾರಾಯ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ನಮ್ಮ ನಮ್ಮ ಹಣೆಬರಹ." ಅಬ್ಕೈಕ್‌ನ ಆ ತೂತುಗಳಲ್ಲಿ ಹಣೆಬರಹ ಇರಲಿಲ್ಲ. ಎಲ್ಲೋ ನೂರಾರು ಮೈಲಿ ಆಚೆ ಯಾರೋ ಕೂತು ಇದಕ್ಕೆ, ಇದಕ್ಕೆ, ಇದಕ್ಕೆ ಅಂತ ಬೆರಳಿಟ್ಟು ಆರಿಸಿದ್ದರು.

ಮತ್ತು ಹಾಗೆ ಆರಿಸಿದವನು ಮೇಲೆ ಹತ್ತಲೇ ಇಲ್ಲ.

ಸ್ಕ್ಯಾಫೋಲ್ಡಿನ ಮೇಲೆ ಕೂತು ನಾನು ಇದನ್ನೇ ಯೋಚಿಸುತ್ತಿದ್ದೆ. ಫ್ಲೇರಿನ ತುದಿಗೆ ಡ್ರೋನ್ ಹೋದಾಗ ನಾವು ಖುಷಿಪಟ್ಟದ್ದು ಯಾಕೆ? ಮೇಲೆ ಮನುಷ್ಯ ಇಲ್ಲ, ಬಿದ್ದರೂ ಸಾಯುವವರಿಲ್ಲ ಅಂತ. ಇಲ್ಲಿಯೂ ಅದೇ. ವಿಮಾನ ತಂದು ಬಾಂಬು ಹಾಕುವ ಪೈಲಟ್‌ಗೆ ತಾನು ವಾಪಸ್ ಹೋಗುತ್ತೇನೋ ಇಲ್ಲವೋ ಅನ್ನುವ ಹೆದರಿಕೆ ಇರುತ್ತದೆ. ಅವನನ್ನು ಕಳಿಸುವ ರಾಜನಿಗೂ ಸ್ವಲ್ಪ ಇರುತ್ತದೆ. ಸಿಕ್ಕಿಬಿದ್ದರೆ, ಸತ್ತರೆ, ಮನೆಯವರಿಗೆ ಏನು ಹೇಳುವುದು ಅಂತ. ನಮ್ಮ ಅಪ್ಪ ಹೇಳಿದ ಆ ಹೆದರಿಕೆ. ನಮಗೆ ಕೊಟ್ಟ ಉಪಕಾರವನ್ನೇ ಡ್ರೋನ್ ಯುದ್ಧ ಮಾಡುವವರಿಗೂ ಕೊಟ್ಟಿದೆ: ಹತ್ತದೆ ಕೆಲಸ ಆಗುತ್ತದೆ.

ಅಗ್ಗ ಬೇರೆ. ಉಕ್ರೇನ್ ಮೇಲೆ ರಷ್ಯಾ 2022ರಿಂದ ಬಿಡುತ್ತಿರುವ ಇರಾನ್ ವಿನ್ಯಾಸದ ಶಾಹೆದ್ ಉಂಟಲ್ಲ, ತ್ರಿಕೋನದ ರೆಕ್ಕೆ, ಮೂರೂವರೆ ಮೀಟರ್ ಉದ್ದ, ಹಿಂದೆ ಒಂದು ಸಣ್ಣ ಎಂಜಿನ್. ಅಲ್ಲಿಯ ಜನ ಅದನ್ನು ಮೊಪೆಡ್ ಅಂತ ಕರೆಯುತ್ತಾರಂತೆ, ಶಬ್ದ ಹಾಗೇ ಇರುವುದರಿಂದ. ನಮ್ಮ ಕಡೆ ಅಡಿಕೆ ಮೂಟೆ ಹೊತ್ತುಕೊಂಡು ಏರು ಹತ್ತುವ ಹಳೆಯ ಟಿವಿಎಸ್ ನೆನೆಸಿಕೊಳ್ಳಿ. ಅದರ ಬೆಲೆ 20ರಿಂದ 50 ಸಾವಿರ ಡಾಲರ್ ಇರಬಹುದು ಅಂತ ಅಂದಾಜು. ಹೊಡೆದು ಉರುಳಿಸಲು ಪೇಟ್ರಿಯಟ್ ಬಿಟ್ಟರೆ ಆ ಒಂದು ಕ್ಷಿಪಣಿಗೇ 30-40 ಲಕ್ಷ ಡಾಲರ್. ಹತ್ತು ಬಂದರೆ ಹತ್ತು ಸಲ ಆ ಖರ್ಚು. ಇನ್ನು ಕಣ್ಣಿಗೆ ಕನ್ನಡಕ ಹಾಕಿ ನಡೆಸುವ ಸಣ್ಣ ಡ್ರೋನ್ ಉಂಟು, ಐನೂರು ಡಾಲರಿನ ಆಸುಪಾಸು. ರಿಯಾಲಿನಲ್ಲಿ ಲೆಕ್ಕ ಹಾಕಿ, ನಮ್ಮಂಥವರ ಒಂದು ತಿಂಗಳ ಸಂಬಳ. ಅದರಲ್ಲಿ ಒಂದು ಟ್ಯಾಂಕ್ ಹೋಗುತ್ತದೆ. ಟ್ಯಾಂಕ್ ಸಿಗದಿದ್ದರೆ? ಖೆರ್ಸೊನ್ ಅನ್ನುವ ಊರಿನಲ್ಲಿ ಬಸ್ಸಿನ ಹಿಂದೆ, ಆಂಬುಲೆನ್ಸಿನ ಹಿಂದೆ, ಬೀದಿಯಲ್ಲಿ ನಡೆದು ಹೋಗುವವರ ಹಿಂದೆ ಬಿಟ್ಟಿದ್ದಾರೆ. 2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಅದನ್ನು ಮಾನವತೆಯ ವಿರುದ್ಧದ ಅಪರಾಧ ಅಂತಲೇ ಹೇಳಿತು. ಅಲ್ಲಿ ರಸ್ತೆಯ ಮೇಲೆ ಮೀನಿನ ಬಲೆಯ ಹಾಗೆ ಬಲೆ ಕಟ್ಟಿದ್ದಾರೆ, ಅದರ ಅಡಿಯಲ್ಲಿ ಜನ ಓಡಾಡಬೇಕು.

ದೂರದ ವಿಷಯ ಅಂತ ನಮಗೆ ಅನ್ನಲು ಬರುವುದಿಲ್ಲ. 2022ರ ಜನವರಿ 17, ಸೋಮವಾರ. ಅಬುಧಾಬಿಯ ಮುಸಫ್ಫದಲ್ಲಿ ಪೆಟ್ರೋಲ್ ಟ್ಯಾಂಕರುಗಳು ಸ್ಫೋಟವಾದವು, ವಿಮಾನ ನಿಲ್ದಾಣದ ಹೊಸ ಕಟ್ಟಡದ ಸೈಟಿನಲ್ಲೂ ಬೆಂಕಿ. ಹೌತಿಗಳ ದಾಳಿ. ನನ್ನ ಅಕ್ಕನ ಗಂಡ ಆಗ ಮುಸಫ್ಫದಲ್ಲೇ ಡ್ರೈವರ್. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಬಾವನ ಫೋನ್ ಎತ್ತಲಿಲ್ಲ. ಕೊನೆಗೆ ಎತ್ತಿದಾಗ ಅವರು ಹೇಳಿದ ಮೊದಲ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. "ಅಕ್ಕನಿಗೆ ನಾನು ಶಾರ್ಜಾದಲ್ಲಿದ್ದೆ ಅಂತ ಹೇಳಿದ್ದೇನೆ, ನೀನು ಬಾಯಿ ಬಿಡಬೇಡ."

ಆ ದಿನ ಸತ್ತದ್ದು ಮೂವರು. ಇಬ್ಬರು ಭಾರತದವರು, ಪಂಜಾಬಿನ ಕಡೆಯವರು, ಒಬ್ಬ ಪಾಕಿಸ್ತಾನದವನು. ಆರು ಜನರಿಗೆ ಗಾಯ. ಹೌತಿಗಳಿಗೂ ಎಮಿರೇಟ್ಸ್‌ಗೂ ಇರುವ ಜಗಳ ಏನು ಅಂತ ಆ ಮೂವರಿಗೆ ಸರಿಯಾಗಿ ಗೊತ್ತಿತ್ತೋ ಇಲ್ಲವೋ. ನಮಗೆ ಗೊತ್ತುಂಟಾ? ಬೆಳಿಗ್ಗೆ ಟಿಫಿನ್ ಕಟ್ಟಿಕೊಂಡು ಡ್ಯೂಟಿಗೆ ಹೋದವರು ಅವರು. ಹಿಂದೆ ಯುದ್ಧ ಅಂದರೆ ಗಡಿಯಲ್ಲಿ ಆಗುವುದು, ಸೈನಿಕರಿಗೆ ಆಗುವುದು. ಈಗ ಡ್ರೋನ್ ಬರುವುದು ಎಣ್ಣೆ ಇರುವಲ್ಲಿಗೆ, ಬಂದರಿಗೆ, ವಿಮಾನ ನಿಲ್ದಾಣಕ್ಕೆ, ಕರೆಂಟ್ ಮಾಡುವಲ್ಲಿಗೆ. ಅಲ್ಲೆಲ್ಲ ಕೆಲಸ ಮಾಡುವವರು ಯಾರು ಅಂತ ನೀವೇ ನಿಮ್ಮ ಸೈಟಿನ ಬಸ್ಸಿನಲ್ಲಿ ಒಮ್ಮೆ ತಿರುಗಿ ನೋಡಿ.

ಇಲ್ಲಿ ಒಂದು ಉಪಯೋಗದ ಮಾತು ಹೇಳಿಬಿಡುತ್ತೇನೆ, ಮರೆತು ಹೋಗುತ್ತದೆ. ಆ ದಾಳಿ ಆದ ವಾರದಲ್ಲೇ ಎಮಿರೇಟ್ಸ್‌ನಲ್ಲಿ ಹವ್ಯಾಸಕ್ಕೆ ಡ್ರೋನ್ ಹಾರಿಸುವುದನ್ನು ನಿಲ್ಲಿಸಿದರು. ಸೌದಿಯಲ್ಲಿಯೂ ಪರ್ಮಿಶನ್ ಇಲ್ಲದೆ ಹಾರಿಸುವ ಹಾಗಿಲ್ಲ, ಊರಿನಿಂದ ಬ್ಯಾಗಿನಲ್ಲಿ ತರುವುದೂ ಬೇಡ. ಇಲ್ಲಿಂದ ಮಕ್ಕಳಿಗೆ ಅಂತ ತೆಗೆದುಕೊಂಡು ಹೋಗುವುದೂ ಬೇಡ, 2022ರ ಫೆಬ್ರವರಿಯಿಂದ ಭಾರತಕ್ಕೆ ವಿದೇಶದ ಡ್ರೋನ್ ತರುವುದಕ್ಕೆ ನಿಷೇಧ ಉಂಟು. ನಾನು ಅದೇ ವರ್ಷ ರಜೆಗೆ ಹೋಗುವಾಗ ಮಗನಿಗೆ ಅಂತ 900 ರಿಯಾಲಿನದ್ದು ಒಂದು ತೆಗೆದಿಟ್ಟಿದ್ದೆ. ರೂಮಿನವರು ಹೇಳಿದ್ದಕ್ಕೆ ಅಂಗಡಿಗೇ ವಾಪಸ್ ಕೊಟ್ಟೆ, 750 ಕೊಟ್ಟರು. ಮಗನಿಗೆ ಬೇಸರ ಆಗಿತ್ತು. ಬಹುಶಃ ಆಗಲೇ ಅವನ ತಲೆಗೆ ಇದು ಹೊಕ್ಕಿರಬೇಕು.

ಮೇ ತಿಂಗಳ ಆ ನಾಲ್ಕು ದಿನ ನಿಮಗೆಲ್ಲ ನೆನಪಿರಬಹುದು. ಪಹಲ್ಗಾಮ್‌ನಲ್ಲಿ ಕೊಂದರು, ಆಮೇಲೆ ಆಪರೇಷನ್ ಸಿಂಧೂರ. ಮೇ 8ರ ರಾತ್ರಿ 36 ಕಡೆ 300ರಿಂದ 400 ಡ್ರೋನ್ ಪಾಕಿಸ್ತಾನದಿಂದ ಬಂದವು ಅಂತ ನಮ್ಮ ಸರ್ಕಾರ ಹೇಳಿತು. ನಮ್ಮವರೂ ಬಿಟ್ಟರು. ನನ್ನ ರೂಮಿನ ಎದುರು ರೂಮಿನಲ್ಲಿ ಪೇಶಾವರದ ಕಡೆಯ ಒಬ್ಬ ಇದ್ದಾನೆ, ನಾವು ಖಾನ್‌ಭಾಯಿ ಅಂತ ಕರೆಯುತ್ತೇವೆ. ಸ್ಕ್ಯಾಫೋಲ್ಡರೇ. ಹನ್ನೊಂದು ವರ್ಷದಿಂದ ನಾನು ಮೇಲಿದ್ದರೆ ಅವನು ಕೆಳಗಿನಿಂದ ಪೈಪು ಕೊಡುತ್ತಾನೆ, ಅವನು ಮೇಲಿದ್ದರೆ ನಾನು ಕೊಡುತ್ತೇನೆ. ಆ ನಾಲ್ಕು ದಿನ ಮೆಸ್ಸಿನಲ್ಲಿ ಟಿವಿ ಆಫ್ ಮಾಡಿಟ್ಟರು, ಸೂಪರ್‌ವೈಸರ್ ಆರ್ಡರ್. ನಾವಿಬ್ಬರೂ ಮಾತಾಡಲಿಲ್ಲ. ಪೈಪು ಮಾತ್ರ ಕೊಟ್ಟುಕೊಂಡೆವು. ಮೇ 10ರ ಸಂಜೆ ಕದನ ವಿರಾಮ ಅಂತ ಸುದ್ದಿ ಬಂದ ಮೇಲೆ ಅವನು ಒಂದು ಗ್ಲಾಸು ಸುಲೈಮಾನಿ ತಂದು ನನ್ನ ಮಂಚದ ಹತ್ತಿರ ಇಟ್ಟು, ಏನೂ ಹೇಳದೆ ಹೋದ.

ನಾನು ದೇಶಭಕ್ತಿ ಇಲ್ಲದವನಲ್ಲ. ನಮ್ಮ ಹುಡುಗರು ಗಡಿಯಲ್ಲಿ ಸಾಯುವ ಬದಲು ಯಂತ್ರ ಹೋಗುವುದಾದರೆ ಒಳ್ಳೆಯದೇ ಅಂತ ನನಗೂ ಅನ್ನಿಸುತ್ತದೆ. ಮಗನೂ ಅದನ್ನೇ ಹೇಳಿದ, ಎರಡನೇ ಸಲ ಫೋನ್ ಮಾಡಿದಾಗ. ನನ್ನ ಸ್ವರದಲ್ಲಿ ಏನೋ ವ್ಯತ್ಯಾಸ ಗೊತ್ತಾಗಿತ್ತು ಅವನಿಗೆ.

"ಅಪ್ಪ, ನಿಮಗೆ ಈ ಕೆಲಸ ಇಷ್ಟ ಇಲ್ವಾ?"

"ಹಾಗಲ್ಲ."

"ಮತ್ತೆ? ಅವರ ಹತ್ತಿರ ಇದೆ, ಎಲ್ಲರ ಹತ್ತಿರ ಇದೆ. ನಮ್ಮ ಹತ್ತಿರ ಇಲ್ಲದಿದ್ರೆ ಹೇಗೆ? ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ. ಮತ್ತೆ ಅಪ್ಪ, ಇದು ಗುರಿ ತಪ್ಪುವುದಿಲ್ಲ. ಹಿಂದಿನ ಹಾಗೆ ಊರಿಗೆ ಊರೇ ಸುಡುವ ಬಾಂಬ್ ಅಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಓದಿದವನು ಅವನು. ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಗುರಿ ತಪ್ಪುವುದಿಲ್ಲ ಅನ್ನುವುದು ನನ್ನಷ್ಟು ಯಾರಿಗೆ ಗೊತ್ತು. ಲೋನ್ ಕಟ್ಟುವವನು ನಾನು, ಖರೂಜ್ ಹಾಕಿ ಊರಿಗೆ ಹೋಗಿ ಕೂರಬೇಕು ಅಂತ ಮೂರು ವರ್ಷದಿಂದ ಹೇಳುತ್ತಾ ಇರುವವನೂ ನಾನು. ಅವನ ಸಂಬಳ ಬಂದರೆ ಅದು ಆಗುತ್ತದೆ. ಬೇಡ ಅನ್ನಲು ನನಗೆ ಯಾವ ಅಧಿಕಾರ? ಇಪ್ಪತ್ತೊಂದು ವರ್ಷ ನಾನು ಕೆಲಸ ಮಾಡಿದ ಎಣ್ಣೆ ಎಲ್ಲೆಲ್ಲಿ ಹೋಗಿ ಏನೇನು ಉರಿಸಿತು ಅಂತ ನಾನೇನು ಕೇಳಿದ್ದೆನಾ?

ಹಾಗಾಗಿ ಉತ್ತರ ಕೊಡುವುದು ಬಿಟ್ಟು ನಾನು ಅವನಿಗೆ ಆ ರಾತ್ರಿಯ ವಿಷಯ ಹೇಳಿದೆ. ದಮ್ಮಾಮ್‌ನಲ್ಲಿ ಇರಲಿಲ್ಲ ಅಂತ. ಬಕೆಟ್, ಒದ್ದೆ ಟವೆಲ್, ಗೇಟಿನ ಬಾವುಟ, ಆಮೇಲೆ ಕಾಲಂ ಸುತ್ತ ಕಟ್ಟಿದ್ದು, ಆ ಗೋಳಗಳು. ವಿಡಿಯೋ ಕಾಲ್ ಆಗಿತ್ತು. ಅವನು ಅಡ್ಡ ಬಾಯಿ ಹಾಕಲಿಲ್ಲ. ಹಿಂದೆ ಅವನ ಅಮ್ಮ ಪಾತ್ರೆ ತೊಳೆಯುವ ಶಬ್ದ ಬರುತ್ತಿತ್ತು, ಅದು ಯಾವಾಗಲೋ ನಿಂತಿತ್ತು.

ಬಹಳ ಹೊತ್ತು ಬಿಟ್ಟು ಅವನು ಕೇಳಿದ, "ಅಪ್ಪ, ಆ ತೂತು ಎಷ್ಟು ದೊಡ್ಡದಿತ್ತು?"

ಇಂಜಿನಿಯರ್ ಆಗಿ ಕೇಳಿದನೋ, ಮಗನಾಗಿ ಕೇಳಿದನೋ ಗೊತ್ತಾಗಲಿಲ್ಲ. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಎರಡೂ ಕೈ ಅಗಲಿಸಿ ತೋರಿಸಿದೆ. "ಕಾಣುದಿಲ್ಲ ಅಪ್ಪ, ಕೈ ಹೊರಗೆ ಹೋಯ್ತು" ಅಂದ. ಮಂಚದಿಂದ ಎದ್ದು ಬಾಗಿಲ ತನಕ ಹಿಂದೆ ಹೋಗಿ ನಿಂತು ಮತ್ತೆ ತೋರಿಸಿದೆ.

ಆಮೇಲೆ ಅವಳು ಫೋನ್ ತೆಗೆದುಕೊಂಡಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗಲೂ ಅಕ್ಕಿ, ಲೋನ್, ಹಾಲಿನ ದುಡ್ಡು ಬಿಟ್ಟರೆ ಬೇರೆ ಮಾತಿಲ್ಲ. ಕಂಪನಿಗೆ ಉತ್ತರ ಕೊಡಲು ಮಗನಿಗೆ ಇನ್ನೂ ಎಂಟು ದಿನ ಉಂಟು. ನಾನು ಕೇಳುವುದಿಲ್ಲ, ಅವನಾಗಿ ಹೇಳಲಿ ಅಂತ ಇದ್ದೇನೆ. ಈ ಪತ್ರಿಕೆ ವಾಟ್ಸಾಪಿನಲ್ಲಿ ಊರಿಗೂ ಹೋಗುತ್ತದಲ್ಲ, ಬಾವನ ಶಾರ್ಜಾದ ವಿಷಯ ಬರೆದದ್ದಕ್ಕೆ ಅಕ್ಕನಿಂದ ಒಂದು ಫೋನ್ ಬರುವುದಂತೂ ಗ್ಯಾರಂಟಿ.